ಬಾಳೆಹಣ್ಣಿನ ಮಫಿನ್ನು ಮತ್ತು ಅದರ ರಸಾಯನ

ಸಿಪ್ಪೆ ಕಪ್ಪಾಗಿ, ಹಿಡಿದರೆ ಬೆರಳು ಒಳಕ್ಕಿಳಿಯುವಷ್ಟು ಮೆತ್ತಗಾದ ಬಾಳೆಯ ಹಣ್ಣನ್ನು ಯಾರೂ ಇಷ್ಟಪಟ್ಟು ತಿನ್ನುವುದಿಲ್ಲ. ಅನೇಕ ಮನೆಗಳಲ್ಲಿ ಅದು ದನದ ಬಾನಿಯನ್ನು ಸೇರುವುದು, ಇಲ್ಲವೆ ಕಸದ ಬುಟ್ಟಿಯನ್ನು. ಆದರೆ ನಮ್ಮ ಕರಾವಳಿಯ ಗೃಹಿಣಿ ಅದನ್ನು ಎಸೆಯಲಾರಳು. ಹಣ್ಣನ್ನು ಹಿಸುಕಿ, ಹುಳಿ ಮೊಸರು, ಚಿಟಿಕೆ ಸೋಡ, ಮೈದಾಹಿಟ್ಟು ಸೇರಿಸಿ ನಾದಿ, ರಾತ್ರಿಯೆಲ್ಲ ಮುಚ್ಚಿಟ್ಟು, ಬೆಳಿಗ್ಗೆ ಎಣ್ಣೆಯಲ್ಲಿ ಕರಿದು ಉಬ್ಬಿದ ಬನ್ಸನ್ನು ತಟ್ಟೆಗೆ ಹಾಕುವಳು. ಸಾವಿರಾರು ಮೈಲಿಗಳಾಚೆ ಅಮೆರಿಕದ ಗೃಹಿಣಿಯೂ ಇದೇ ಹಣ್ಣು, ಇದೇ ಸೋಡ, ಹೆಚ್ಚು ಕಡಿಮೆ ಇದೇ ಹುಳಿಯನ್ನು ಬಳಸಿ, ಕರಿಯುವುದಕ್ಕೆ ಬದಲು ಓವನ್ನಿನ ಒಣಶಾಖದಲ್ಲಿ ಬೇಯಿಸಿ, ಮಫಿನ್ ಎಂಬ ತಿನಿಸನ್ನು ಮಾಡುವಳು. ಇವೆರಡರ ರಸಾಯನ ಒಂದೇ.

ಮಫಿನ್ ಈಗ ನಮ್ಮ ಊರುಗಳ ಬೇಕರಿಗಳಿಗೂ ಬಂದಿದೆ. ಶಾಲೆಗೆ ಹೋಗುವ ಮಕ್ಕಳ ತಿಂಡಿಯ ಡಬ್ಬಿಗೂ ಇಳಿದಿದೆ. ಹೆಸರಿನಲ್ಲಿ ಹಣ್ಣಿದ್ದರೆ ಸಾಕು, ಅದು ಮಗುವಿಗೆ ಒಳ್ಳೆಯದೆಂದು ನಂಬುವ ತಾಯಂದಿರು ಅನೇಕರು. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ? ಒಂದು ವರ್ಷದಿಂದ ಐದು ವರ್ಷದೊಳಗಿನ ಮಗುವಿಗಾಗಿ ಮನೆಯಲ್ಲೇ ಮಫಿನ್ ಮಾಡುವುದಾದರೆ ಅದರಲ್ಲಿ ಏನಿರಬೇಕು, ಏನಿರಬಾರದು? ಇದನ್ನು ತಿಳಿಯಲು ಹಿಟ್ಟು ಉಬ್ಬುವುದು ಹೇಗೆ, ಹಣ್ಣು ಮಾಗುವುದು ಹೇಗೆ, ಶಾಖ ಒಳಗೆ ಏನು ಮಾಡುತ್ತದೆ ಎಂಬುದನ್ನು ಕ್ರಮವಾಗಿ ನೋಡೋಣ.

ಹಿಟ್ಟನ್ನು ಉಬ್ಬಿಸಿದವರು

ಇಂಗ್ಲೆಂಡಿನ ಹಳೆಯ ಮಫಿನ್ನೇ ಬೇರೆ. ಅದು ಯೀಸ್ಟಿನಿಂದ ಹುದುಗಿ, ಕಾವಲಿಯ ಮೇಲೆ ಬೇಯುವ ಚಪ್ಪಟೆಯಾದ ರೊಟ್ಟಿ. ಬಟ್ಟಲಿನಂಥ ಅಚ್ಚಿನಲ್ಲಿ ತಲೆ ಉಬ್ಬಿಸಿಕೊಂಡು ನಿಲ್ಲುವ ಮಫಿನ್ ಅಮೆರಿಕದ್ದು. ಯೀಸ್ಟಿಗೆ ಗಂಟೆಗಟ್ಟಲೆ ಕಾಯುವ ವ್ಯವಧಾನವಿಲ್ಲದವರು ಕಂಡುಕೊಂಡ ಉಪಾಯ ಅದು. ಕಾಡು ಕಡಿದು ನೆಲಸಿದ ಆ ಜನಕ್ಕೆ ಮರದ ಬೂದಿ ಬೇಕಾದಷ್ಟಿತ್ತು. ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಬತ್ತಿಸಿ, ಸುಟ್ಟು ಶುದ್ಧಿಮಾಡಿದರೆ ದೊರೆಯುವ ಬಿಳಿಯ ಕ್ಷಾರಕ್ಕೆ ಪರ್ಲ್ ಆಶ್ ಎಂದು ಹೆಸರು. ಅದು ಬಹುಮಟ್ಟಿಗೆ ಪೊಟ್ಯಾಸಿಯಂ ಕಾರ್ಬೊನೇಟು. ನಮ್ಮಲ್ಲಿ ಹಪ್ಪಳಕ್ಕೆ ಹಾಕುವ ಖಾರವೂ ಇದೇ ವರ್ಗಕ್ಕೆ ಸೇರಿದ ಕ್ಷಾರವೇ. ಅಮೆರಿಕ ಸಂಯುಕ್ತ ಸಂಸ್ಥಾನವು 1790ರಲ್ಲಿ ಕೊಟ್ಟ ಮೊಟ್ಟಮೊದಲ ಪೇಟೆಂಟು ಇಂಥ ಕ್ಷಾರವನ್ನು ತಯಾರಿಸುವ ಸುಧಾರಿತ ವಿಧಾನಕ್ಕೆ, ಸ್ಯಾಮ್ಯುಅಲ್ ಹಾಪ್ಕಿನ್ಸ್ ಎಂಬಾತನಿಗೆ ಸಂದದ್ದು. 1796ರಲ್ಲಿ ಅಮೇಲಿಯ ಸಿಮ್ಮನ್ಸ್ ಎಂಬಾಕೆ ಪ್ರಕಟಿಸಿದ ಅಡಿಗೆಯ ಪುಸ್ತಕದಲ್ಲಿ ಹಿಟ್ಟನ್ನು ಉಬ್ಬಿಸಲು ಪರ್ಲ್ ಆಶ್ ಬಳಸುವ ಕ್ರಮ ಅಚ್ಚಾಗಿದೆ.

ಕ್ಷಾರವೊಂದನ್ನೇ ಹಾಕಿದರೆ ತಿನಿಸು ಸಾಬೂನಿನಂತೆ ರುಚಿಗೆಡುತ್ತದೆ. ಅದಕ್ಕೆ ಸರಿಯಾದ ಆಮ್ಲ ಬೇಕು. ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್ ಎಂಬಾತನ ಹೆಂಡತಿಗೆ ಯೀಸ್ಟು ಒಗ್ಗುತ್ತಿರಲಿಲ್ಲ. ಆಕೆಗಾಗಿ ಆತ 1843ರಲ್ಲಿ ಒಣ ಆಮ್ಲವನ್ನೂ ಸೋಡವನ್ನೂ ಬೆರೆಸಿ ಬೇಕಿಂಗ್ ಪೌಡರನ್ನು ತಯಾರಿಸಿದ. ಕಸ್ಟರ್ಡ್ ಪುಡಿಯೂ ಇದೇ ಪುಣ್ಯಾತ್ಮನ ಸೃಷ್ಟಿ; ಆಕೆಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲವಂತೆ! ಆಮೇಲೆ 1856ರಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕ ಎಬೆನ್ ಹಾರ್ಸ್‌ಫರ್ಡನು ಕ್ಯಾಲ್ಸಿಯಂ ಫಾಸ್ಫೇಟಿನ ಆಮ್ಲಲವಣಕ್ಕೆ ಪೇಟೆಂಟು ಪಡೆದ. ಆತ ಜರ್ಮನಿಯ ಪ್ರಸಿದ್ಧ ರಸಾಯನಜ್ಞ ಲೀಬಿಗ್ಗನ ಶಿಷ್ಯ. ಹಿಟ್ಟನ್ನು ಬಿಳುಪು ಮಾಡುವಾಗ ತೌಡಿನೊಡನೆ ಕಳೆದುಹೋಗುವ ಫಾಸ್ಫೇಟನ್ನು ರೊಟ್ಟಿಗೆ ಮರಳಿ ಕೊಡಬೇಕೆಂಬುದು ಆತನ ಉದ್ದೇಶಗಳಲ್ಲೊಂದು. ತೌಡನ್ನು ತೆಗೆಯದೆ ಇದ್ದರೆ ಆಗುತ್ತಿರಲಿಲ್ಲವೇ ಎಂದು ನಮ್ಮ ರಾಗಿ ಬೀಸುವ ಅಜ್ಜಿಯರು ಕೇಳಿಯಾರು. ಆ ಪ್ರಶ್ನೆ ಸಾಧುವಾದುದೇ.

ಈಗ ಸ್ವಲ್ಪ ಲೆಕ್ಕ. ಅಡಿಗೆ ಸೋಡ ಎಂದರೆ ಸೋಡಿಯಂ ಬೈಕಾರ್ಬೊನೇಟು. ಅದರ ಅಣುಭಾರ 84. ಆಮ್ಲ ಸೇರಿದಾಗ ಪ್ರತಿ 84 ಗ್ರಾಂ ಸೋಡದಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಕಾಲು ಚಮಚ ಸೋಡ ಸುಮಾರು 1.2 ಗ್ರಾಂ ತೂಗುತ್ತದೆ. ಅಷ್ಟರಿಂದ ಹೊರಡುವ ಅನಿಲ ಕೊಠಡಿಯ ಉಷ್ಣತೆಯಲ್ಲಿ ಸುಮಾರು 350 ಘನ ಸೆಂಟಿಮೀಟರಿನಷ್ಟು ಜಾಗವನ್ನು ಆಕ್ರಮಿಸುತ್ತದೆ, ಎಂದರೆ ದೊಡ್ಡದೊಂದು ಲೋಟ ತುಂಬಿ ಇನ್ನೂ ಮಿಗುವಷ್ಟು. ಆಮ್ಲವಿಲ್ಲದೆ ಬರಿಯ ಶಾಖದಿಂದ ಸೋಡ ಒಡೆದರೆ ದೊರೆಯುವುದು ಇದರ ಅರ್ಧ ಮಾತ್ರ. ಉಳಿದದ್ದು ಸೋಡಿಯಂ ಕಾರ್ಬೊನೇಟಾಗಿ ಹಿಂದೆ ನಿಂತು ಬಾಯಿಗೆ ಕಹಿಯಾಗುವುದು. ಆದುದರಿಂದಲೇ ಮೊಸರಿನ ಅವಶ್ಯಕತೆ. ಮೊಸರಿನಲ್ಲಿ ನೂರಕ್ಕೆ ಮುಕ್ಕಾಲು ಭಾಗದಷ್ಟು ಲ್ಯಾಕ್ಟಿಕ್ ಆಮ್ಲವಿದೆಯೆಂದು ಇಟ್ಟುಕೊಂಡರೆ, ಕಾಲು ಚಮಚ ಸೋಡವನ್ನು ಪೂರ್ತಿ ತಣಿಸಲು 170 ಗ್ರಾಂ ಮೊಸರು ಬೇಕು. ಬಾಳೆಯ ಹಣ್ಣಿನಲ್ಲೂ ಮ್ಯಾಲಿಕ್, ಸಿಟ್ರಿಕ್ ಆಮ್ಲಗಳು ಸ್ವಲ್ಪ ಇರುವುದರಿಂದ ಮೊಸರು ಇದಕ್ಕಿಂತ ಕಡಿಮೆಯಿದ್ದರೂ ಸಾಗುತ್ತದೆ. ಕೈಯಳತೆಯಿಂದ ಮಾಡುವವರು ಈ ಲೆಕ್ಕವನ್ನು ಕಾಗದದ ಮೇಲೆ ಎಂದೂ ಬರೆದವರಲ್ಲ; ಆದರೂ ಅವರ ಅಳತೆ ಇದಕ್ಕೆ ಹತ್ತಿರದಲ್ಲೇ ಇರುವುದು.

ಓವನ್ನಿನೊಳಗೆ ಹೋದ ಮೇಲೆ ಈ ಅನಿಲದ ಗುಳ್ಳೆಗಳು ಇನ್ನಷ್ಟು ಹಿಗ್ಗುತ್ತವೆ. 27 ಡಿಗ್ರಿಯಿಂದ 97 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ, ಛಾರ್ಲ್ಸನ ನಿಯಮದಂತೆ, ಅವುಗಳ ಗಾತ್ರ ಕಾಲುಭಾಗಕ್ಕೆ ಸ್ವಲ್ಪ ಕಡಿಮೆಯಾಗುವಷ್ಟು ಹೆಚ್ಚುತ್ತದೆ. ಮಿಕ್ಕ ಉಬ್ಬನ್ನು ನೀರಿನ ಆವಿ ಪೂರೈಸುತ್ತದೆ. ಸೋಡ ಹೊಸ ಗುಳ್ಳೆಗಳನ್ನು ಸೃಷ್ಟಿಸುವುದಿಲ್ಲ. ಕಲಸುವಾಗ ಹಿಟ್ಟಿನಲ್ಲಿ ಸಿಕ್ಕಿಕೊಂಡ ಗಾಳಿಯ ಪುಟ್ಟ ಗುಳ್ಳೆಗಳನ್ನೇ ದೊಡ್ಡದುಮಾಡುತ್ತದೆ.

ಹಣ್ಣು ಮಾಗಿದಾಗ

ಹಸುರು ಬಾಳೆಕಾಯಿಯ ತಿರುಳಿನಲ್ಲಿ ನೂರಕ್ಕೆ ಇಪ್ಪತ್ತು ಭಾಗದಷ್ಟು ಪಿಷ್ಟವಿದ್ದು ಸಕ್ಕರೆ ಒಂದೆರಡು ಭಾಗ ಮಾತ್ರ ಇರುತ್ತದೆ. ಪೂರ್ತಿ ಮಾಗಿದ ಹಣ್ಣಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ: ಪಿಷ್ಟ ಒಂದೆರಡು ಭಾಗ, ಸಕ್ಕರೆ ಹದಿನೈದಕ್ಕೂ ಮೇಲೆ. ಈ ಪಲ್ಲಟಕ್ಕೆ ಸೂಚನೆ ಕೊಡುವುದು ಎಥಿಲೀನ್ ಎಂಬ ಅನಿಲ. ಹಣ್ಣುಗಳು ತಾವೇ ಈ ಅನಿಲವನ್ನು ಉತ್ಪತ್ತಿಮಾಡುತ್ತವೆ ಎಂಬುದನ್ನು ಇಂಗ್ಲೆಂಡಿನ ಗೇನ್ ಎಂಬ ವಿಜ್ಞಾನಿ 1934ರಲ್ಲಿ ಸಿದ್ಧಪಡಿಸಿದ. ಎಥಿಲೀನಿನ ಸುಳಿವು ಸಿಕ್ಕಿದೊಡನೆ ಕಿಣ್ವಗಳು ಎಚ್ಚತ್ತು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ, ಕೋಶಗಳನ್ನು ಬೆಸೆದಿರುವ ಪೆಕ್ಟಿನ್ನನ್ನು ಕರಗಿಸುತ್ತವೆ. ಹಣ್ಣಿನ ಗೊನೆಯನ್ನು ಹುಲ್ಲಿನಲ್ಲಿ ಮುಚ್ಚಿ ಅಡೆಹಾಕುವ ನಮ್ಮ ರೈತರು ಈ ಅನಿಲವನ್ನು ಹಿಡಿದಿಡುವ ಉಪಾಯವನ್ನೇ ಮಾಡುತ್ತಾರೆ.

ಕಪ್ಪು ಚುಕ್ಕೆ ಮೂಡಿದ ಪಚ್ಚಬಾಳೆಯಾಗಲಿ ಏಲಕ್ಕಿ ಬಾಳೆಯಾಗಲಿ ನಮ್ಮ ಕೆಲಸಕ್ಕೆ ಸೊಗಸಾಗಿ ಒದಗುತ್ತದೆ. ನಂಜನಗೂಡಿನ ರಸಬಾಳೆ ಸಿಕ್ಕಿದರೆ ಅದನ್ನು ಮಾತ್ರ ಹಿಟ್ಟಿಗೆ ಹಾಕಬಾರದು. ಪನಾಮ ರೋಗದಿಂದ ಕ್ಷೀಣಿಸಿರುವ ಆ ತಳಿಯ ಹಣ್ಣು ಹಾಗೆಯೇ ತಿನ್ನತಕ್ಕದ್ದೆಂದು ನಮ್ಮ ಅಭಿಪ್ರಾಯ.

ಇಷ್ಟು ಸಕ್ಕರೆ ಹಣ್ಣಿನಲ್ಲೇ ಇರುವಾಗ ಮೇಲೆ ಮತ್ತೆ ಸಕ್ಕರೆ ಸುರಿಯುವುದೇಕೆ? ಸಾಮಾನ್ಯವಾದ ಕ್ರಮದಲ್ಲಿ ಹನ್ನೆರಡು ಮಫಿನ್ನಿಗೆ ಒಂದು ಬಟ್ಟಲು, ಎಂದರೆ 200 ಗ್ರಾಂ ಸಕ್ಕರೆ ಹಾಕುವುದುಂಟು. ಒಂದೊಂದರಲ್ಲಿ ಸುಮಾರು 17 ಗ್ರಾಂ ಆಯಿತು. ಎರಡು ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು ಸಾವಿರ ಕಿಲೊಕ್ಯಾಲೊರಿ ಶಕ್ತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಸೂತ್ರದಂತೆ ಹೊರಗಿನಿಂದ ಬೆರೆಸಿದ ಸಕ್ಕರೆ, ಜೇನು, ಪಾಕ, ಹಣ್ಣಿನ ರಸ ಇವುಗಳ ಸಕ್ಕರೆಯಿಂದ ಬರುವ ಶಕ್ತಿ ಒಟ್ಟಿನಲ್ಲಿ ಹತ್ತನೆಯ ಒಂದು ಭಾಗವನ್ನು ಮೀರಬಾರದು. ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಒಂದು ಗ್ರಾಂ ಸಕ್ಕರೆಗೆ ನಾಲ್ಕು ಕಿಲೊಕ್ಯಾಲೊರಿಯಂತೆ ಮೊದಲನೆಯದು 25 ಗ್ರಾಂ, ಎರಡನೆಯದು ಹನ್ನೆರಡೂವರೆ ಗ್ರಾಂ. ಒಂದೇ ಮಫಿನ್ನು ತಿಂದ ಮಗು ಎರಡನೆಯ ಗೆರೆಯನ್ನು ದಾಟಿತು, ಮೊದಲನೆಯದರ ಮೂರರಲ್ಲಿ ಎರಡು ಪಾಲನ್ನು ಮುಗಿಸಿತು. ಹಾಲಿಗೆ ಹಾಕಿದ ಸಕ್ಕರೆ, ಬಿಸ್ಕತ್ತಿನ ಸಕ್ಕರೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಎರಡು ವರ್ಷ ತುಂಬದ ಮಕ್ಕಳ ವಿಷಯದಲ್ಲಿ ಇದೇ ಸಂಸ್ಥೆ 2023ರಲ್ಲಿ ಮತ್ತಷ್ಟು ಬಿಗಿಯಾಗಿ, ಸಕ್ಕರೆ ಹೆಚ್ಚಿರುವ ತಿನಿಸನ್ನು ಅವರಿಗೆ ಕೊಡಲೇ ಬಾರದೆಂದು ಹೇಳಿದೆ.

ಸಕ್ಕರೆಯ ಮೇಲಿನ ಈ ಆಗ್ರಹ ವೈದ್ಯರ ಅತಿಶಂಕೆಯೆಂದು ತೋರಬಹುದು. ಎರಡು ಪ್ರಸಂಗಗಳನ್ನು ಇಲ್ಲಿ ಹೇಳಲೇಬೇಕು. ಸ್ವೀಡನ್ನಿನ ಲುಂಡ್ ನಗರದ ಬಳಿಯ ವೀಪೆಹೋಲ್ಮ್ ಎಂಬಲ್ಲಿ ಬುದ್ಧಿಮಾಂದ್ಯರಿಗಾಗಿ ಒಂದು ಆಸ್ಪತ್ರೆಯಿತ್ತು. 1940ರ ದಶಕದಲ್ಲಿ ಅಲ್ಲಿನ ನಿವಾಸಿಗಳಿಗೆ ಬೇರೆ ಬೇರೆ ರೂಪದಲ್ಲಿ ಸಕ್ಕರೆಯನ್ನು ತಿನ್ನಿಸಿ ಹಲ್ಲು ಹುಳುಕುವುದನ್ನು ಎಣಿಸಲಾಯಿತು. ಊಟದೊಡನೆ ತಿಂದ ಸಕ್ಕರೆಗಿಂತ ಊಟಗಳ ನಡುವೆ ಪದೇ ಪದೇ ತಿಂದ, ಹಲ್ಲಿಗಂಟುವ ಮಿಠಾಯಿ ಬಹಳ ಹೆಚ್ಚು ಕೇಡು ಮಾಡಿತೆಂದು 1954ರಲ್ಲಿ ವರದಿಯಾಯಿತು. ಬಾಯಿಯ ಬ್ಯಾಕ್ಟೀರಿಯಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುವುವು, ಆ ಆಮ್ಲ ಹಲ್ಲಿನ ಎನಾಮಲ್ಲನ್ನು ಕರಗಿಸುವುದು. ಜೊಲ್ಲು ಅದನ್ನು ತೊಳೆಯಲು ಹೊತ್ತು ಬೇಕು. ಆ ಹೊತ್ತು ಸಿಗದಂತೆ ಮತ್ತೆ ಮತ್ತೆ ತಿಂದರೆ ಹಲ್ಲು ಉಳಿಯುವುದೆಂತು? ನಮ್ಮ ತಿಳಿವಳಿಕೆ ಇದರಿಂದ ಹೆಚ್ಚಿತು, ನಿಜ. ಆದರೆ ಒಪ್ಪಿಗೆ ಕೊಡಲಾರದ ಅಸಹಾಯಕರ ಬಾಯಿಯಿಂದ ಇದನ್ನು ಪಡೆದದ್ದು ಅನ್ಯಾಯವೆಂಬುದರಲ್ಲಿ ಎರಡು ಮಾತಿಲ್ಲ.

ಇನ್ನೊಂದು ಪ್ರಸಂಗದಲ್ಲಿ ಯಾರನ್ನೂ ಪೀಡಿಸಬೇಕಾಗಲಿಲ್ಲ. ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಸಕ್ಕರೆಯ ಪಡಿತರ 1953ರ ಸೆಪ್ಟೆಂಬರಿನಲ್ಲಿ ಕೊನೆಗೊಂಡಿತು. ಕೂಡಲೇ ಜನರು ದಿನಕ್ಕೆ ತಿನ್ನುವ ಸಕ್ಕರೆ ಸರಾಸರಿ 40 ಗ್ರಾಮಿನಿಂದ ಸುಮಾರು 80ಕ್ಕೆ ಏರಿತು. ಆ ತಿಂಗಳಿಗೆ ಸ್ವಲ್ಪ ಮುಂಚೆ ಗರ್ಭದಲ್ಲಿದ್ದು ಹುಟ್ಟಿ ಬೆಳೆದವರನ್ನೂ ಸ್ವಲ್ಪ ಅನಂತರ ಹುಟ್ಟಿದವರನ್ನೂ ಹೋಲಿಸಿ ಸಂಶೋಧಕರು 2024ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗರ್ಭದಲ್ಲೂ ಬದುಕಿನ ಮೊದಲ ವರ್ಷಗಳಲ್ಲೂ ಪಡಿತರದ ಸಕ್ಕರೆಯಿಂದಲೇ ಬೆಳೆದವರಿಗೆ, ಅರವತ್ತು ವರ್ಷ ವಯಸ್ಸಿನ ಆಚೀಚೆ, ಎರಡನೆಯ ಬಗೆಯ ಮಧುಮೇಹದ ಸಂಭವ ನೂರಕ್ಕೆ 35ರಷ್ಟೂ ರಕ್ತದ ಒತ್ತಡದ ಸಂಭವ ನೂರಕ್ಕೆ 20ರಷ್ಟೂ ಕಡಿಮೆಯಿತ್ತು. ಎಳವೆಯಲ್ಲಿ ನಾಲಗೆಗೆ ಹತ್ತಿದ ರುಚಿ ಮುದಿತನದವರೆಗೂ ಬೆನ್ನು ಹತ್ತುವುದೆಂದು ಇದರಿಂದ ಊಹಿಸಬಹುದು. 2025ರ ಮೇ ತಿಂಗಳಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು ತನ್ನ ಶಾಲೆಗಳಲ್ಲಿ ಸಕ್ಕರೆಯ ಪ್ರಮಾಣವನ್ನು ತೋರಿಸುವ ಫಲಕಗಳನ್ನು ತೂಗಹಾಕಬೇಕೆಂದು ಸೂಚಿಸಿದ್ದು ಇಂಥ ಕಳವಳದಿಂದಲೇ. ವಾಚಕರಲ್ಲಿ ಕೆಲವರು ಆ ಫಲಕಗಳನ್ನು ನೋಡಿರಲೂ ಬಹುದು.

ಸಕ್ಕರೆಯ ಬದಲು ಬೆಲ್ಲ ಹಾಕಿದರೆ ದೋಷವಿಲ್ಲವೆಂಬ ಮಾತು ನಮ್ಮಲ್ಲಿ ಬಹಳವಾಗಿ ಕೇಳಿಬರುತ್ತದೆ. ಬೆಲ್ಲದಲ್ಲಿ ಅಷ್ಟಿಷ್ಟು ಖನಿಜವಿರುವುದು ಹೌದು. ಆದರೆ ಅದರ ಬಹುಪಾಲು ಸುಕ್ರೋಸೇ. ಹಲ್ಲಿಗೂ ಯಕೃತ್ತಿಗೂ ಬಣ್ಣ ತಿಳಿಯದು. ಹಣ್ಣಿನ ಸಕ್ಕರೆಯನ್ನೂ ಪೂರ್ತಿ ನಿರ್ದೋಷಿಯೆನ್ನುವಂತಿಲ್ಲ. ಇಡಿಯ ಹಣ್ಣಿನಲ್ಲಿ ಸಕ್ಕರೆ ಕೋಶಗಳ ಗೋಡೆಯೊಳಗೆ ಬಂಧಿಯಾಗಿರುವುದು; ಅರೆದು ನುಣ್ಣಗೆ ಮಾಡಿದಾಗ ಆ ಗೋಡೆ ಒಡೆಯುವುದು. ಅದಕ್ಕಾಗಿಯೇ ಬ್ರಿಟನ್ನಿನ ಪೋಷಣಶಾಸ್ತ್ರಜ್ಞರು ಅರೆದ ಹಣ್ಣಿನ ಸಕ್ಕರೆಯನ್ನು ಹೊರಗಿನಿಂದ ಬೆರೆಸಿದ ಸಕ್ಕರೆಯ ಗುಂಪಿಗೇ ಸೇರಿಸಿ ಎಣಿಸುತ್ತಾರೆ. ಆದುದರಿಂದ ಹಣ್ಣನ್ನು ಮಿಕ್ಸಿಯಲ್ಲಿ ಅರೆಯದೆ ಮುಳ್ಳುಚಮಚದಿಂದ ಹಿಸುಕಿ, ಸ್ವಲ್ಪ ತರಿತರಿಯಾಗಿ ಬಿಡುವುದೇ ಲೇಸು. 300 ಗ್ರಾಂ ಹಣ್ಣಿನಲ್ಲಿ ಸುಮಾರು 45 ಗ್ರಾಂ ಸಕ್ಕರೆಯಿದ್ದರೆ ಹನ್ನೆರಡು ಮಫಿನ್ನಿಗೆ ಹಂಚಿದಾಗ ಒಂದೊಂದಕ್ಕೆ ನಾಲ್ಕು ಗ್ರಾಮಿಗೂ ಕಡಿಮೆ. 17 ಗ್ರಾಮಿಗೂ ಇದಕ್ಕೂ ಇರುವ ಅಂತರ ಸಣ್ಣದಲ್ಲ.

ಅಂಟು ಮತ್ತು ಶಾಖ

ಸಕ್ಕರೆಯನ್ನು ಬಿಟ್ಟುಬಿಟ್ಟರೆ ಮಫಿನ್ನು ಕಲ್ಲಾಗುವುದೆಂದು ಬೇಕರಿಯವರು ಹೇಳುತ್ತಾರೆ. ಅದು ಸುಳ್ಳಲ್ಲ. ಗೋಧಿಯ ಹಿಟ್ಟಿಗೆ ನೀರು ತಗುಲಿದಾಗ ಅದರ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಅಂಟಿನ ಬಲೆಯಾಗುತ್ತವೆ. ಇಟಲಿಯ ಬೆಕಾರಿ ಎಂಬ ವಿದ್ವಾಂಸನು 1728ರಲ್ಲಿ ಇದನ್ನು ಹಿಟ್ಟಿನಿಂದ ಬೇರ್ಪಡಿಸಿ ತೋರಿಸಿದ. ಆತನ ಪ್ರಯೋಗವನ್ನು ಯಾರು ಬೇಕಾದರೂ ಮಾಡಬಹುದು. ಚಪಾತಿಯ ಹಿಟ್ಟಿನ ಉಂಡೆಯೊಂದನ್ನು ನಲ್ಲಿಯ ಕೆಳಗೆ ಹಿಡಿದು ಮೆಲ್ಲನೆ ತಿಕ್ಕುತ್ತ ಹೋದರೆ ಬಿಳಿಯ ಪಿಷ್ಟವೆಲ್ಲ ಹರಿದುಹೋಗಿ, ರಬ್ಬರಿನಂತೆ ಎಳೆಯುವ ಬೂದುಬಣ್ಣದ ಮುದ್ದೆ ಕೈಯಲ್ಲಿ ಉಳಿಯುತ್ತದೆ. ಸಕ್ಕರೆ ನೀರನ್ನು ತನ್ನೆಡೆಗೆ ಎಳೆದುಕೊಂಡು ಈ ಬಲೆ ಬಲವಾಗದಂತೆ ತಡೆಯುತ್ತದೆ. ಪಿಷ್ಟ ಬೇಗ ಗಟ್ಟಿಯಾಗದಂತೆಯೂ ನೋಡಿಕೊಳ್ಳುತ್ತದೆ. ಸಕ್ಕರೆಯನ್ನು ತೆಗೆದ ಮೇಲೆ ಆ ಕೆಲಸವನ್ನು ಹಣ್ಣಿನ ಸಕ್ಕರೆ, ಪೆಕ್ಟಿನ್ ಮತ್ತು ಸ್ವಲ್ಪ ಎಣ್ಣೆ ಇವು ಹಂಚಿಕೊಳ್ಳಬೇಕಾಗುತ್ತದೆ. ಕಲಸುವವರ ಕೈಯೂ ಸಂಯಮದಿಂದಿರಬೇಕು. ದೋಸೆಯ ಹಿಟ್ಟನ್ನು ತಿರುವಿದಂತೆ ತಿರುವಿದರೆ ಗ್ಲುಟೆನ್ ಬಲಿತು, ಒಳಗೆ ಉದ್ದುದ್ದ ಸುರಂಗಗಳಾಗಿ, ಮಫಿನ್ನು ಹಗ್ಗದಂತೆ ಜಗಿಯಬೇಕಾಗುವುದು. ಹಿಟ್ಟು ನೆನೆದರೆ ಸಾಕು, ಗಂಟುಗಳು ನಾಲ್ಕಾರು ಉಳಿದರೂ ಬಾಧಕವಿಲ್ಲ.

ಓವನ್ನಿನ ಶಾಖ 180 ಡಿಗ್ರಿಯಿದ್ದರೂ ಮಫಿನ್ನಿನ ನಡುವೆ ಶಾಖ ನೂರು ಡಿಗ್ರಿಯನ್ನು ದಾಟುವುದಿಲ್ಲ. ಅಲ್ಲಿ ನೀರಿರುವವರೆಗೆ, ಬಂದ ಶಾಖವೆಲ್ಲ ಅದನ್ನು ಆವಿಮಾಡುವುದಕ್ಕೇ ವೆಚ್ಚವಾಗುವುದು. ಒಣಗಿದ ಹೊರಮೈ ಮಾತ್ರ ಇನ್ನೂ ಮೇಲೇರಿ, 140 ಡಿಗ್ರಿಯ ಆಸುಪಾಸಿನಲ್ಲಿ ಸಕ್ಕರೆಯೂ ಪ್ರೋಟೀನೂ ಕೂಡಿ ಕಂದುಬಣ್ಣವನ್ನೂ ಪರಿಮಳವನ್ನೂ ಬೇಗ ಬೇಗ ಕೊಡುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಮೈಯಾರನ ಹೆಸರೇ ಈ ಕ್ರಿಯೆಗೆ ನಿಂತಿದೆ. ಇದೇ ಕ್ರಿಯೆಯಲ್ಲಿ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತುವೂ ಹುಟ್ಟುವುದೆಂದು 2002ರಲ್ಲಿ ಸ್ವೀಡನ್ನಿನಲ್ಲಿ ತಿಳಿದುಬಂತು. ಮಕ್ಕಳ ಮಫಿನ್ನು ಹೊಂಬಣ್ಣಕ್ಕೆ ಬಂದರೆ ಸಾಕು, ಕಾಫಿಬೀಜದ ಬಣ್ಣಕ್ಕೆ ಹೋಗಬೇಕಾದದ್ದಿಲ್ಲ.

ಒಳಗಿನ ಶಾಖ ನೂರನ್ನು ದಾಟದು ಎಂಬ ಈ ಸಣ್ಣ ಸಂಗತಿಯಲ್ಲಿ ಕೂಸುಗಳ ಪ್ರಾಣದ ಪ್ರಶ್ನೆ ಅಡಗಿದೆ. ಸಕ್ಕರೆಗೆ ಬದಲಾಗಿ ಜೇನನ್ನು ಹಾಕುವವರುಂಟು. ಜೇನಿನಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಬಾಟುಲೈನಂ ಎಂಬ ಬ್ಯಾಕ್ಟೀರಿಯದ ಬೀಜಾಣುಗಳಿರುತ್ತವೆ. ದೊಡ್ಡವರ ಕರುಳಿನಲ್ಲಿ ಅವು ಮೊಳೆಯಲಾರವು. ಒಂದು ವರ್ಷ ತುಂಬದ ಕೂಸಿನ ಕರುಳಿನಲ್ಲಿ ಮೊಳೆತು, ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುವ ಘೋರ ವಿಷವನ್ನು ಸುರಿಸಬಲ್ಲವು. ಕೂಸು ಮೊದಲು ಮಲಬದ್ಧತೆಯಿಂದ ನರಳಿ, ಅಳು ಕ್ಷೀಣವಾಗಿ, ಕತ್ತು ನಿಲ್ಲದೆ, ಉಸಿರಾಟಕ್ಕೂ ಕಷ್ಟಪಡುವುದು. ಈ ರೋಗವನ್ನು ಅಮೆರಿಕದ ವೈದ್ಯರು 1976ರಲ್ಲಿ ಗುರುತಿಸಿದರು. ಬೀಜಾಣುಗಳನ್ನು ನಾಶಮಾಡಲು ಒತ್ತಡದ ಆವಿಯಲ್ಲಿ 121 ಡಿಗ್ರಿ ಶಾಖ ಬೇಕು. ಮಫಿನ್ನಿನೊಳಗೆ ಅದು ಎಂದೂ ಬರದು. ಹೀಗಾಗಿ ಬೇಯಿಸಿದ ಜೇನೂ ಒಂದು ವರ್ಷದೊಳಗಿನ ಕೂಸಿಗೆ ವರ್ಜ್ಯ. ಹುಟ್ಟಿದ ಮಗುವಿನ ನಾಲಗೆಗೆ ಜೇನು ತಾಗಿಸುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಹಿರಿಯರ ಮನಸ್ಸನ್ನು ನೋಯಿಸದೆ ಅದನ್ನು ನಿಲ್ಲಿಸುವ ದಾರಿಯನ್ನು ಮನೆಯ ವಿದ್ಯಾವಂತ ತರುಣರೇ ಹುಡುಕಬೇಕು.

ಅದೇ ಶಾಖ ಮೊಟ್ಟೆಯ ವಿಷಯದಲ್ಲಿ ಉಪಕಾರಿ. ಸಾಲ್ಮೊನೆಲ್ಲ ಕ್ರಿಮಿಗಳನ್ನು ಕೊಲ್ಲುವುದಷ್ಟೇ ಅಲ್ಲ, ಮೊಟ್ಟೆಯ ಪ್ರೋಟೀನುಗಳ ಆಕಾರವನ್ನೂ ಅದು ಕೆಡಿಸುತ್ತದೆ. ಮೊಟ್ಟೆ ಒಗ್ಗದ ಮಕ್ಕಳಲ್ಲಿ ಬಹುಮಂದಿ, ಗೋಧಿಹಿಟ್ಟಿನಲ್ಲಿ ಬೆರೆತು ಚೆನ್ನಾಗಿ ಬೆಂದ ಮೊಟ್ಟೆಯನ್ನು ತಾಳಿಕೊಳ್ಳಬಲ್ಲರು. ಅಲರ್ಜಿಯ ಆಸ್ಪತ್ರೆಗಳಲ್ಲಿ ಅಳತೆಯ ಮೊಟ್ಟೆ ಹಾಕಿದ ಮಫಿನ್ನನ್ನೇ ಚೂರು ಚೂರಾಗಿ ಮಗುವಿಗೆ ತಿನ್ನಿಸಿ ಪರೀಕ್ಷಿಸುವುದುಂಟು! ತಿಂಡಿಯೊಂದು ವೈದ್ಯರ ಪರೀಕ್ಷಾಸಾಧನವಾದದ್ದು ವಿನೋದವೇ ಸರಿ. ಆದರೆ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ ನೋಡುವ ಧೈರ್ಯ ಯಾರಿಗೂ ಬೇಡ.

ಬಾಳೆಯ ಜೊತೆಗೆ ಬೇರೆ ಹಣ್ಣುಗಳನ್ನೂ ಹಾಕಬಹುದು. ನೇರಳೆಯ ಹಣ್ಣನ್ನೋ ಹಿಪ್ಪುನೇರಳೆಯನ್ನೋ ಹಾಕಿ, ಸೋಡ ಕೊಂಚ ಹೆಚ್ಚಾಗಿ ಬಿದ್ದರೆ, ಕೆಂಪು ಇರಬೇಕಾದಲ್ಲಿ ನೀಲಿಯ, ಹಸುರಿನ ಕಲೆಗಳು ಕಂಡು ತಾಯಿ ಗಾಬರಿಯಾಗುವುದುಂಟು. ಹಣ್ಣೇನೂ ಕೆಟ್ಟಿಲ್ಲ. ಆಂತೊಸಯನಿನ್ ಎಂಬ ಆ ವರ್ಣದ್ರವ್ಯ ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ ಹಸುರು. ಪ್ರೌಢಶಾಲೆಯಲ್ಲಿ ದಾಸವಾಳದ ಹೂವಿನ ರಸದಿಂದ ಸೂಚಕಪತ್ರ ಮಾಡಿದವರಿಗೆ ಇದು ಹೊಸತಲ್ಲ. ಒಂದು ಚಮಚ ಮೊಸರು ಹೆಚ್ಚು ಹಾಕಿದರೆ ಬಣ್ಣ ಸರಿಹೋಗುವುದು. ಸೀಬೆ, ಮಾವು, ಸೇಬು ಇವುಗಳಿಂದ ಇಂಥ ತೊಂದರೆಯಿಲ್ಲ. ಆದರೆ ಸೀಬೆಯ ಸಿ ಜೀವಸತ್ತ್ವವನ್ನು ನೆಚ್ಚಿ ಅದನ್ನು ಬೇಯಿಸುವುದು ವ್ಯರ್ಥ, ಶಾಖಕ್ಕೆ ಅದರ ಬಹುಭಾಗ ನಾಶವಾಗುವುದು. ಆ ಹಣ್ಣನ್ನು ಹಸಿಯಾಗಿಯೇ ಪಕ್ಕದಲ್ಲಿಡಬಹುದು.

ರಾಗಿಯನ್ನು ಸೇರಿಸಿದರೆ ಸುಣ್ಣದಂಶ ಹೆಚ್ಚುವುದೆಂಬ ಜಾಹೀರಾತಿನ ಮಾತನ್ನೂ ತೂಗಿ ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲೆಲ್ಲ ಇದು ಶ್ರೇಷ್ಠವಾದ ಪ್ರಮಾಣ. ಆದರೆ ಹನ್ನೆರಡು ಮಫಿನ್ನಿಗೆ 50 ಗ್ರಾಂ ರಾಗಿಹಿಟ್ಟು ಹಾಕಿದರೆ ಒಂದಕ್ಕೆ ಬರುವುದು 15 ಮಿಲಿಗ್ರಾಂ ಮಾತ್ರ. ಮೂರು ವರ್ಷದೊಳಗಿನ ಮಗುವಿಗೆ ದಿನಕ್ಕೆ ಬೇಕಾದದ್ದು 500. ರಾಗಿಯಿಂದ ಬಣ್ಣ, ರುಚಿ, ನಾರು ದೊರೆಯುವುದೆಂದು ಹಾಕೋಣ. ಕ್ಯಾಲ್ಸಿಯಂ ಬೇಕಾದರೆ ರಾಗಿಯ ಅಂಬಲಿಯೋ ಹಾಲೋ ಮೊಸರೋ ಇದ್ದೇ ಇದೆ.

ಮಾಡುವ ಬಗೆ

ನಡುವಳತೆಯ ಹನ್ನೆರಡು ಮಫಿನ್ನಿಗೆ 150 ಗ್ರಾಂ ಗೋಧಿಹಿಟ್ಟು, 50 ಗ್ರಾಂ ರಾಗಿಹಿಟ್ಟು, ಕಾಲು ಚಮಚ ಸೋಡ, ಒಂದು ಚಮಚ ಬೇಕಿಂಗ್ ಪೌಡರು ಇವನ್ನು ಎರಡು ಮೂರು ಸಲ ಜರಡಿ ಹಿಡಿಯತಕ್ಕದ್ದು. ಸೋಡ ಒಂದೆಡೆ ಗಂಟಾಗಿ ಉಳಿದರೆ ಅಲ್ಲಿ ಕಹಿಯಾಗುವುದು. ಇನ್ನೊಂದು ಪಾತ್ರೆಯಲ್ಲಿ ಚೆನ್ನಾಗಿ ಮಾಗಿದ ಬಾಳೆಯ ಹಣ್ಣಿನ ತಿರುಳು 300 ಗ್ರಾಂ, ಮೊಸರು 120 ಗ್ರಾಂ, ಒಂದು ಮೊಟ್ಟೆ, 50 ಗ್ರಾಂ ಎಣ್ಣೆ ಅಥವಾ ಬೆಣ್ಣೆ ಇವನ್ನು ಕೂಡಿಸಬೇಕು. ಮೊಟ್ಟೆ ತಿನ್ನದ ಮನೆಯವರು ಅದರ ಬದಲು ಇನ್ನಷ್ಟು ಮೊಸರು ಹಾಕಿದರೂ ನಡೆಯುತ್ತದೆ, ಉಬ್ಬು ಸ್ವಲ್ಪ ಕಡಿಮೆಯಾದೀತು. ಏಲಕ್ಕಿಯ ಪುಡಿ ಹಾಕಿದರೆ ಸಕ್ಕರೆಯಿಲ್ಲದ ಕೊರತೆ ನಾಲಗೆಗೆ ಅಷ್ಟಾಗಿ ತಿಳಿಯದು. ಉಪ್ಪು ಬೇಡ, ಕಾಲು ಚಮಚ ಸೋಡದಲ್ಲೇ ಸುಮಾರು 330 ಮಿಲಿಗ್ರಾಂ ಸೋಡಿಯಂ ಇದೆ, ಬೇಕಿಂಗ್ ಪೌಡರಿನದು ಬೇರೆ.

ಒಣಪದಾರ್ಥವನ್ನು ಹಸಿಯದರೊಳಕ್ಕೆ ಸುರಿದು ಹತ್ತು ಹದಿನೈದು ಸುತ್ತು ತಿರುವಿ ನಿಲ್ಲಿಸಿ, ಎಣ್ಣೆ ಸವರಿದ ಅಚ್ಚುಗಳಿಗೆ ಮುಕ್ಕಾಲು ಪಾಲು ತುಂಬಿ, ಮೊದಲೇ ಕಾದ ಓವನ್ನಿನಲ್ಲಿ 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಡಬೇಕು. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿತೆಂದು ಅರ್ಥ. ಓವನ್ನಿಲ್ಲದವರು ಹಿಟ್ಟನ್ನು ಇಡ್ಲಿಯ ತಟ್ಟೆಗೆ ಹೊಯ್ದು ಹಬೆಯಲ್ಲಿ ಬೇಯಿಸಬಹುದು. ಹಬೆಯ ಶಾಖ ನೂರು ಡಿಗ್ರಿಯೇ ಆದುದರಿಂದ ಹೊರಮೈ ಕಂದಾಗುವುದಿಲ್ಲ, ಪರಿಮಳವೂ ಬೇರೆ. ಹಲ್ಲು ಬರುತ್ತಿರುವ ಮಕ್ಕಳಿಗೆ ಈ ಮೆತ್ತನೆಯದೇ ಹಿತ.

ಮೇಲೆ ಇಡಿಯ ಗೋಡಂಬಿ, ಬಾದಾಮಿ, ಕಡಲೆಕಾಯಿ ಬೀಜಗಳನ್ನು ಚುಚ್ಚುವುದು ಅಂಗಡಿಯ ಅಲಂಕಾರ. ನಾಲ್ಕೈದು ವರ್ಷದೊಳಗಿನ ಮಗುವಿಗೆ ಅದು ಸಲ್ಲದು. ದವಡೆಯ ಹಲ್ಲು ಪೂರ್ತಿ ಬಾರದ ಮಗು ಬೀಜವನ್ನು ಅರೆಯಲಾರದೆ ನುಂಗುವುದು. ಅದು ಶ್ವಾಸನಾಳಕ್ಕೆ ಜಾರಿದರೆ ನಿಮಿಷಗಳಲ್ಲಿ ಅನಾಹುತ. ಬೀಜವನ್ನು ನುಣ್ಣಗೆ ಪುಡಿಮಾಡಿ ಹಿಟ್ಟಿನಲ್ಲಿ ಬೆರೆಸಬೇಕು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಬೇಕು, ನೇರಳೆಯ ಬೀಜವನ್ನು ತಪ್ಪದೆ ತೆಗೆಯಬೇಕು. ಮಗು ಓಡಾಡುತ್ತ ತಿನ್ನದೆ ಕುಳಿತು ತಿನ್ನಲಿ, ದೊಡ್ಡವರೊಬ್ಬರು ಎದುರಿಗಿರಲಿ. ಸಂಜೆಯವರೆಗೆ ಚೂರು ಚೂರಾಗಿ ಕೈಗೆ ಕೊಡುತ್ತಿರುವುದಕ್ಕಿಂತ ಒಂದೇ ಹೊತ್ತಿನಲ್ಲಿ ಮುಗಿಸಿ ನೀರು ಕುಡಿಸುವುದು ಹಲ್ಲಿಗೂ ಕ್ಷೇಮ.

ಸಕ್ಕರೆ ಕಡಿಮೆಯಾದ ಮಫಿನ್ನಿಗೆ ಆಯುಸ್ಸೂ ಕಡಿಮೆ. ಸಕ್ಕರೆ ನೀರನ್ನು ಹಿಡಿದಿಟ್ಟು ಬೂಷ್ಟಿಗೆ ಸಿಗದಂತೆ ಮಾಡುತ್ತದೆ; ಆ ಕಾವಲು ಇಲ್ಲದೆಡೆ ಮಳೆಗಾಲದಲ್ಲಿ ಎರಡನೆಯ ದಿನಕ್ಕೇ ಬಿಳಿಯ ನೂಲು ಕಾಣಿಸಿಕೊಳ್ಳಬಹುದು. ತಂಗಳುಪೆಟ್ಟಿಗೆಯಲ್ಲಿ ಇಟ್ಟರೆ ಬೂಷ್ಟು ತಡವಾಗುವುದು, ಆದರೆ ತಿನಿಸು ಬೇಗ ಬಿರುಸಾಗುವುದು. ಬೆಂದಾಗ ಸಡಿಲಗೊಂಡಿದ್ದ ಪಿಷ್ಟದ ಎಳೆಗಳು ಆ ತಂಪಿನಲ್ಲಿ ಮತ್ತೆ ಸಾಲುಗಟ್ಟಿ ಹರಳಾಗುವುದೇ ಅದಕ್ಕೆ ಕಾರಣ. ನೀರು ಹೆಪ್ಪುಗಟ್ಟುವ ಮೇಲಿನ ಅರೆಯಲ್ಲಿ ಇಟ್ಟರೆ ಈ ಕ್ರಿಯೆ ಬಹುಮಟ್ಟಿಗೆ ನಿಂತುಹೋಗುವುದು. ಅಲ್ಲಿ ಡಬ್ಬಿಯಲ್ಲಿ ಮುಚ್ಚಿಟ್ಟ ಮಫಿನ್ನು ಒಂದು ತಿಂಗಳಾದರೂ ಚೆನ್ನಾಗಿರುತ್ತದೆ. ತಿನ್ನುವ ಹೊತ್ತಿಗೆ ಇಡ್ಲಿಯ ಪಾತ್ರೆಯಲ್ಲಿ ಐದು ನಿಮಿಷ ಹಬೆ ಕೊಟ್ಟರೆ ಆ ಹರಳುಗಳು ಕರಗಿ, ಅದು ಮತ್ತೆ ಮೊದಲಿನಂತೆ ಮೆತ್ತಗಾಗುತ್ತದೆ.